ಅಚ್ಚಿನಿಂದ ಕಿರೀಟಕ್ಕೆ

ಎರಡು ವರ್ಷದಿಂದ ಅದು ಕುಣಿಯುವುದನ್ನು ಬಿಟ್ಟಿತ್ತು.
ಅನುಪಿನಕಟ್ಟೆ ದಾಟಿ ಪುರದಾಳಿನ ದಾರಿಯಲ್ಲಿ
ಜಂಬಿಟ್ಟಿಗೆ ಕಲ್ಲಿಗೆ ಗಾಲಿ ಹಾರಿದರೆ
ಒಳಗೆಲ್ಲೋ ಒಂದು ಕೆಮ್ಮು, ಅಷ್ಟೆ.
ಕಾಲುಗಳ ಸಂದಿಯಿಂದ ಕರಿ ಎಣ್ಣೆ,
ಒಂದನೇ ಕ್ಲಾಸಿನ ಹುಡುಗನ ಮೂಗಿನ ಹಾಗೆ.
ನಾನು ಒರೆಸುತ್ತಿದ್ದೆ, ಹಳೇ ಬನಿಯನ್ನಿನಲ್ಲಿ.

"ಇದರ ಸಾಮಾನು ಮಾಡೋರೇ ಮಾಡೋದು ಬಿಟ್ಟಿದಾರೆ ಟೀಚರ್"
ಎಂದ ಸವಾರ್‌ಲೈನ್ ರಸ್ತೆಯ ಇನ್ನಾಸಪ್ಪ,
ಹ್ಯಾಂಡಲ್ಲಿನ ಮೇಲೆ ಮೊಣಕೈಯೂರಿ ಒತ್ತಿ.
ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದ. ಇಳಿಯಿತು, ಏಳಲಿಲ್ಲ.
"ಇದು ಈಗಲೇ ಗಟ್ಟಿ ಫೋರ್ಕು.
ಒಂದು ಕೆಜಿ ದಂಡಕ್ಕೆ ಹೊರ್ತಿದೀರಿ."

ಸ್ಟಾಫ್ ರೂಮಿಗೆ ಸುದ್ದಿ ಹೇಗೋ ಮುಟ್ಟಿತು.
"ಸಸ್ಪೆನ್ಷನ್ ತೆಗೆಸ್ತಿದೀರಂತೆ, ಆದೇಶ ಬಂತಾ?"
ಗುಮಾಸ್ತ ಹಾಲೇಶಪ್ಪ ಕನ್ನಡಕದ ಮೇಲಿಂದ ಕೇಳಿದರು.
ಎಲ್ಲರೂ ನಕ್ಕರು, ನಾನೂ.
ಅವರೊಬ್ಬರು ನಗಲಿಲ್ಲ. ತೊಂಬತ್ತೆಂಟರಲ್ಲಿ
ಆರು ತಿಂಗಳು ಅರ್ಧ ಸಂಬಳದಲ್ಲಿ ಮನೆಯಲ್ಲಿ ಕೂತವರು.

ಆಮೇಲಿನ ರಾತ್ರಿಗಳು ಅಳತೆಯವು.
ಅಡುಗೆಮನೆಯ ನೆಲಕ್ಕೆ ಸೈಕಲ್ಲು ಮಲಗಿಸಿ
ಹೊಲಿಗೆಯ ಟೇಪಿನಲ್ಲಿ, ಅಚ್ಚಿನಿಂದ ಕಿರೀಟದವರೆಗೆ
(ಕಿರೀಟವೆಂದೇ ಅದಕ್ಕೆ ಹೆಸರು, ನಾನಿಟ್ಟದ್ದಲ್ಲ)
ನಾನೂರ ಐವತ್ತೊಂದು ಮಿಲಿಮೀಟರು.
ಹೊಸದರಲ್ಲಿ ನಾನು ಹತ್ತಿ ಕೂತರೆ ಎಷ್ಟು ತಗ್ಗುತ್ತಿತ್ತೋ
ಅಷ್ಟನ್ನು ಕಳೆಯಬೇಕಂತೆ.
ಆಗ ನಾನು ಐವತ್ತೇಳು ಕೆಜಿ, ಈಗ ಅರವತ್ತೆಂಟು.
ಯಾವ ನನ್ನನ್ನು ಕಳೆಯಲಿ?

ಇನ್ನಾಸಪ್ಪನ ಅಟ್ಟದಲ್ಲೊಂದಿತ್ತು, ಪುಕ್ಕಟೆ, ಗಿಡ್ಡ.
ಹಾಕಿದರೆ ಸೈಕಲ್ಲು ಮೇವಿಗೆ ಬಗ್ಗಿದ ಹೋರಿ;
ಇಳಿಜಾರಿನಲ್ಲಿ ಹುಚ್ಚು ಹಿಡಿಯುತ್ತದೆ, ಪೆಡಲು ಕಲ್ಲಿಗೆ ಬಡಿಯುತ್ತದೆ.
ಕಾರ್ಬನ್ನಿನದು ಹದಿಮೂರು ಸಾವಿರ, ಎತ್ತಿದರೆ ಹಪ್ಪಳ,
ಮುರಿಯುವ ಮುಂಚೆ ಒಂದು ಮಾತೂ ಹೇಳುವುದಿಲ್ಲವಂತೆ.
ಅಲ್ಯೂಮಿನಿಯಂ ಅಗ್ಗ, ಅಂಗೈಯೊಳಗೆ ಜೇನುಗೂಡು.
ಇನ್ನೊಂದು ಚೆಂದದ್ದಿತ್ತು, ಡಿಸ್ಕಿಗಷ್ಟೇ ಕಿವಿ,
ನನ್ನದೋ ರಿಮ್ಮನ್ನು ತಬ್ಬಿ ನಿಲ್ಲಿಸುವ ಹಳೇ ಬ್ರೇಕು.

ಕಡೆಗೆ ಉಕ್ಕು. ಪುಣೆಯಿಂದ ರಟ್ಟಿನಲ್ಲಿ ಬಂತು.
ನಾನೂರ ಮೂವತ್ತು, ಕಪ್ಪು, ಮೇಲಿಂದ ನೆಟ್ಟಗೆ,
ತುದಿಯಲ್ಲಿ ಮಾತ್ರ ಒಂಚೂರು ಮುಂದಕ್ಕೆ ಬಾಗಿ,
ಬೆನ್ನಿಗೆ "ಖೋ" ಬೀಳುವುದನ್ನೇ ಕಾಯುವ ಹುಡುಗಿಯ ಹಾಗೆ.

ಮೇಲಿನ ಕೊಳವೆ ಉದ್ದವಿತ್ತು, ಕೊಯ್ಯಬೇಕು.
"ಗೆರೆ ನೀವೇ ಎಳೀರಿ. ಆಮೇಲೆ ನನ್ನ ಬೈಬೇಡಿ."
ಸೀಮೆಸುಣ್ಣ ನನ್ನ ಜೇಬಿನಲ್ಲೇ ಇರುತ್ತದೆ.
ಎಳೆದೆ. ಉಗುಳು ಹಚ್ಚಿ ಅಳಿಸಿದೆ.
ಒಂದು ಬೆರಳು ಮೇಲೆ ಮತ್ತೆ ಎಳೆದೆ.
ಗರಗಸ ಶುರುವಾದಾಗ ಹೊರಗೆ ಹೋಗಿ ಟೀ ಕುಡಿದೆ.

ಭಾನುವಾರ, ಅದೇ ಪುರದಾಳಿನ ದಾರಿ.
ಮೊದಲ ಕಲ್ಲಿಗೇ ಹಲ್ಲು ಹಲ್ಲಿಗೆ ತಾಗಿತು.
ಎರಡನೆಯದಕ್ಕೆ, ಹಿಂದೆ ಮುರಿದು ಕೂಡಿದ ಬಲ ಮಣಿಕಟ್ಟು
ತನ್ನ ತಾರೀಖನ್ನೇ ಹೇಳಿತು.
ಇದೇನು ಮಾಡಿಕೊಂಡೆ, ಎಂದು ನಿಂತೆ.
ಟೈರಿನ ಗಾಳಿ ಒಂದಿಷ್ಟು ಬಿಟ್ಟೆ, ಪುಸ್ ಎಂದು.

ಉದ್ದಜಿಗಿತದ ಮರಳಿನ ಪಕ್ಕ ನಿಂತು
ಇಪ್ಪತ್ತೆರಡು ವರ್ಷ ಕೂಗಿದ್ದೇನೆ,
"ಮಂಡಿ ಸಡಿಲ ಬಿಡ್ರೇ, ಕೋಲಾಗಬೇಡ್ರೇ!"
ಈಗ ನನ್ನ ಮೊಣಕೈಗಳಿಗೆ ಕೂಗಿದೆ, ಗಟ್ಟಿಯಾಗಿಯೇ,
ಸೌದೆ ಹೊತ್ತವಳೊಬ್ಬಳು ನಿಂತು ನೋಡಿದಳು.
ಮಡಚಿದವು.
ಹತ್ತಿ ಇಳಿಯುವ ಕೆಲಸ ಇನ್ನು ಅವುಗಳದ್ದು.
ಬೇರು, ಜಲ್ಲಿ, ಬಟಾಣಿಯಷ್ಟು ಕಲ್ಲಿನ ಕಡೆ ಬಟಾಣಿಯಷ್ಟೇ ಕಲ್ಲು.
ಕಲ್ಲನ್ನು ಬಿಟ್ಟು ಪಕ್ಕದ ಮಣ್ಣನ್ನು ಆರಿಸುವುದು
ಹಿಂದೆ ನನಗೆ ಬರುತ್ತಿರಲಿಲ್ಲ. ಈಗಲೂ ಅರ್ಧ ಬರುತ್ತದೆ.

ಕೊಯ್ದ ತುಂಡು, ನಾಲ್ಕಿಂಚು, ಜೇಬಿನಲ್ಲಿದೆ.
ಸೋಮವಾರ ಪ್ರಾರ್ಥನೆಗೆ ಸೀಟಿ ಮರೆತು ಬಂದಿದ್ದೆ.
ತಳಕ್ಕೆ ಅಂಗೈ ಮುಚ್ಚಿ ಊದಿದೆ.
ಖಾಲಿ ಸೋಡಾ ಬಾಟ್ಲಿಯ ಸದ್ದು, ತುಟಿಗೆ ಕಬ್ಬಿಣದ ರುಚಿ.
ಮುನ್ನೂರು ಮಕ್ಕಳು ಒಟ್ಟಿಗೇ ತಿರುಗಿ ನೋಡಿದರು.
ಹಾಲೇಶಪ್ಪ ಆಫೀಸಿನ ಕಿಟಕಿಯಿಂದ ತಲೆ ಹಾಕಿದರು.
ಸಾಲು ಮಾತ್ರ ನೆಟ್ಟಗಾಗಲಿಲ್ಲ.