ಮೂರು ಕಮ್ಮಿ

ಎಡಗೈಯನ್ನು ಮಿಸ್ ಹೆಂಡ್ರಿಕ್ಸ್ ಬೆಂಚಿಗೆ ಕಟ್ಟುತ್ತಿದ್ದರು,
ತಮ್ಮದೇ ರಿಬ್ಬನ್ನಿನಿಂದ.
ಎಲ್ರಿಕ್ ಕ್ವಾಮಿನಾ ಬಲಗೈಯಲ್ಲಿ ಬರೆಯಲು ಕಲಿತ.
ಸಂಜೆ ಬರ್ಬೀಸ್ ಹೊಳೆಯ ಕೆಸರಲ್ಲಿ
ತೆಂಗಿನ ಮಟ್ಟೆ ಹಿಡಿದಾಗ ಮಾತ್ರ
ಎಡಚನಾಗೇ ಉಳಿದ.

ಹನ್ನೊಂದು ಟೆಸ್ಟ್. ಒಮ್ಮೆ ತೊಂಬತ್ತೇಳು.
ಮರದ ಗ್ಯಾಲರಿ ಎದ್ದು ನಿಂತಿತ್ತು,
ಮುದುಕಿಯೊಬ್ಬಳು ಆಗಲೇ ಡಬ್ಬ ಬಡಿಯತೊಡಗಿದ್ದಳು.
ಹೊರಗೆ ಹೋಗುತ್ತಿದ್ದ ಚೆಂಡು,
ಬಿಡಬಹುದಿತ್ತು.
ಬಿಡಲಿಲ್ಲ.

ಮೀನಿನ ಸಂತೆಯಲ್ಲಿ, ಸಾವಿನ ಮನೆಯಲ್ಲಿ,
ಜನ ಕೇಳುವುದು ಆ ಮೂರೇ ರನ್ನು.

ಆಮೇಲೆ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಕೆಲಸ.
ಒಂದು ಬೆಳಿಗ್ಗೆ ಹುಡುಗನೊಬ್ಬ
ಚಿಲ್ಲರೆ ಚಾಚಿದ, ಎಡಗೈಯಲ್ಲಿ.
ತಾಯಿ ಫಟ್ಟನೆ ಹೊಡೆದಳು.
"ಬಿಡಮ್ಮಾ," ಅಂದ ಎಲ್ರಿಕ್.
ಎಣಿಸಿದ: ಮೂರು ಸೆಂಟು ಕಮ್ಮಿ.
ಹತ್ತಿಸಿಕೊಂಡ.