ಮೂರು ಅಂಕದ ಪ್ರಶ್ನೆ

ನಲವತ್ತೊಂದು ಪೇಪರಿನಲ್ಲಿ
ಮುಖ ತಾವರೆಯಂತೆ ಅರಳಿದೆ.
ದಾವಣಗೆರೆಯಲ್ಲಿ ತಾವರೆ ಕಂಡವರು ಯಾರೋ,
ಗೈಡಿನಿಂದ ಗೈಡಿಗೆ ಭಟ್ಟಿ ಇಳಿಸಿದ ಹೂವು.
ಉಪಮೇಯ ಮುಖ, ಉಪಮಾನ ತಾವರೆ,
ವಾಚಕಪದ ಅಂತೆ, ಸಮಾನಧರ್ಮ ಅರಳುವುದು.
ನಾನೂ ಕಣ್ಣು ಮುಚ್ಚಿ ಗೀಚುತ್ತೇನೆ:
ಮೂರಕ್ಕೆ ಮೂರು.

ನಲವತ್ತೆರಡನೆಯದು ಮುಬೀನಾಳದು.
ಮಂಡಕ್ಕಿ ಭಟ್ಟಿಯ ಸಾಲಿನಿಂದ ಬರುವವಳು,
ಹೋಮ್‌ವರ್ಕಿಗೂ ಹೊಟ್ಟಿನ ಹೊಗೆ ವಾಸನೆ.
ಬರೆದಿದ್ದಾಳೆ:
'ಅಬ್ಬಾನ ಮುಖ ಮಂಡಕ್ಕಿಯಂತೆ ಅರಳಿತು.'
ಉಪಮೇಯ ಸರಿ. ಉಪಮಾನ, ಹೂಂ, ಇರಲಿ.
ಸಮಾನಧರ್ಮ:
'ಕಾದ ಮರಳಿಗೆ ಬೀಳುವುದು.'

ಅರ್ಧ ಅಂಕ ಕಳೆದೆ.
ಕೀ ಆನ್ಸರಿನಲ್ಲಿ ಮರಳಿಲ್ಲ.

ಮಾರನೇ ದಿನ ಕರೆದು ಕೇಳಿದೆ,
'ಅರಳುವುದು ಅಂತ ಬರೆಯೋಕೆ ಏನಾಗಿತ್ತೇ?'
'ಅರಳೋದು ಆಮೇಲೆ ಮಿಸ್, ಮೊದಲು ಬೀಳಬೇಕು.
ಮರಳು ಕಾದಿಲ್ಲ ಅಂದ್ರೆ ಅಕ್ಕಿ ಅಕ್ಕೀನೇ.'
'ಮತ್ತೆ ನಿಮ್ಮಪ್ಪ ಅರಳಿದ್ದು ಯಾವಾಗ?'
'ಹಾಲ್ ಟಿಕೆಟ್ ನೋಡಿ.
ನನ್ನ ಫೋಟೋ ಇತ್ತಲ್ಲ ಮಿಸ್, ಅದರಲ್ಲಿ.'

ಸಂಜೆ ಸ್ಟಾಫ್‌ರೂಮಿನಲ್ಲಿ ಖಾರಮಂಡಕ್ಕಿ,
ಮೇಲೆ ಎರಡು ಮೆಣಸಿನಕಾಯಿ.
ಹತ್ತೊಂಬತ್ತು ವರ್ಷ ವಾಚಕಪದ ಕಲಿಸಿದ್ದೇನೆ.
ನನ್ನ ಅಂತೆಗಳೆಲ್ಲ
ಯಾರೋ ಹೇಳಿ ನಾನು ಕೇಳಿದ ಅಂತೆಗಳು:
ಎಲ್ಲೋ ಕೊಳ ಇದೆಯಂತೆ,
ಬೆಳಗಾದರೆ ಅರಳುತ್ತದಂತೆ.

ಕಳೆದ ಅರ್ಧ ಅಂಕ ಕೂಡಿಸಲೆಂದು
ಅವಳ ಪೇಪರು ಎಳೆದುಕೊಂಡೆ.
ಎಣ್ಣೆಬೆರಳು ತಾಗಿ
'ಅಬ್ಬಾನ ಮುಖ' ಇದ್ದಲ್ಲಿ ಹಾಳೆ ತಿಳಿಯಾಯಿತು.
ಆಚೆ ಪುಟದಿಂದ, ತಿರುವುಮುರುವಾಗಿ,
ಲೋಪಸಂಧಿ ಕಾಣುತ್ತಿತ್ತು.