ಲಾಟ್ ನಾನೂರ ಹದಿನೇಳು

ಮೊಂಬಾಸಾದ ಚಹಾ ಹರಾಜು ಕಟ್ಟೆಯಲ್ಲಿ
ಇಪ್ಪತ್ತೆರಡು ವರ್ಷ ಹಲಗೆಯ ಮೇಲೆ ಬೆಲೆ ಬರೆದವಳು ನಾನು,
ಮ್ಘೋಯಿ. ಹೆಸರು ಬಾಯಿಗೆ ತಿರುಗದಿದ್ದರೆ ಬಿಡಿ,
ಅಲ್ಲಿಯೂ ಯಾರೂ ಕರೆಯುತ್ತಿರಲಿಲ್ಲ.
"ಏ ಸೀಮೆಸುಣ್ಣ" ಅನ್ನುತ್ತಿದ್ದರು.

ಮೆಟ್ಟಿಲು ಮೆಟ್ಟಿಲಾದ ಬೆಂಚು, ಬೆವರುವ ಕಾಲರು,
ಕಟಾನಾ ಸುತ್ತಿಗೆ ಎತ್ತಿದರೆ ಫ್ಯಾನೂ ಮೆಲ್ಲಗಾದ ಹಾಗೆ.
ಗೋಡೆಯಲ್ಲಿ ಕಂಪನಿಯ ನಕ್ಷೆ ತೂಗುತ್ತಿತ್ತು:
ಮೇಲೆ ಅಧ್ಯಕ್ಷ, ಕೆಳಗೆ ಇಬ್ಬರು, ಅವರ ಕೆಳಗೆ ಆರು,
ಬೇರು ಮೇಲಾದ ಮರ.
ಅದರಲ್ಲಿ ಇಲ್ಲದ ಹೆಸರು, ಬಾವಜೀರ್.

ಬಾವಜೀರ್ ಮುದುಕ ಮೂರನೆಯ ಸಾಲಿನ ತುದಿಯಲ್ಲಿ ಕೂತು
ಕೆಮ್ಮುತ್ತಿದ್ದ.
ಒಮ್ಮೆ ಕೆಮ್ಮಿದರೆ ಎಲೆ ಪರವಾಗಿಲ್ಲ.
ಎರಡು ಸಲ ಕೆಮ್ಮಿದರೆ
ಕರಾಚಿಯ ಏಜೆಂಟು ಪೆನ್ನು ಕೆಳಗಿಡುತ್ತಿದ್ದ,
ಕೈರೋದವನು ಕಿಟಕಿ ನೋಡುತ್ತಿದ್ದ,
ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಬೆಲೆ ಕೂತುಬಿಡುತ್ತಿತ್ತು.
ಯಾವ ನಿಯಮಾವಳಿಯೂ ಇದನ್ನು ಹೇಳಿಕೊಡಲಿಲ್ಲ.
ಹೊಸ ಹುಡುಗರು ತಾವೇ ಕಲಿತರು,
ಯಾವ ನಾಯಿ ಕಚ್ಚುತ್ತದೆಂದು ಬೀದಿಯ ಮಕ್ಕಳು ಕಲಿಯುವಂತೆ.

ಆಮೇಲೆ ನೈರೋಬಿಯಿಂದ ಲಿಮೋ ಬಂದ, ಬಿಳಿ ಬೂಟು,
ಬಗಲಲ್ಲಿ ಪರದೆ.
"ಇನ್ನು ಎಲ್ಲರೂ ಸಮ. ಕಣ್ಸನ್ನೆ ಇಲ್ಲ, ಕೈಸನ್ನೆ ಇಲ್ಲ,
ಬರೀ ಅಂಕಿ." ಚಪ್ಪಾಳೆ ತಟ್ಟಿದೆವು. ನಿಜ ಹೇಳುತ್ತೇನೆ,
ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ.
ಹಲಗೆಯನ್ನು ಬಿರಿಯಾನಿ ಹೋಟೆಲಿನವರು ಹೊತ್ತೊಯ್ದರು.
ನನಗೆ ಲ್ಯಾಪ್‌ಟಾಪು ಸಿಕ್ಕಿತು, ಹುದ್ದೆಗೊಂದು ಉದ್ದ ಹೆಸರು,
ಲಿಕೋನಿಯ ಅಡುಗೆಮನೆಯೇ ಕಚೇರಿ.
"ನಂಬಿಕೆ, ನೇರ ನುಡಿ, ತೆರೆದ ಬಾಗಿಲು"
ಈಗ ಎಲ್ಲರ ಬೆನ್ನ ಹಿಂದೆ ಅದೇ ಚಿತ್ರ;
ಅದರ ಮುಂದೆ ಕೂತರೆ ನನ್ನ ಒಂದು ಕಿವಿ ಮಾಯ.

ಹರಾಜಿಗೆ ಈಗ ಸದ್ದಿಲ್ಲ.
ಪಕ್ಕದ ಫೋನಿನಲ್ಲಿ ಮಾತ್ರ ಗುಂಪಿನ ಗುಜುಗುಜು:
ಲಿಮೋ ಒಂದು ಹೆಬ್ಬೆಟ್ಟು ಒತ್ತಿದರೆ
ಅರೆನಿಮಿಷದಲ್ಲಿ ನಲವತ್ತು ಹೆಬ್ಬೆಟ್ಟು.
ನಮ್ಮಜ್ಜಿ ಓದು ಬಾರದೆ ಒತ್ತುತ್ತಿದ್ದಳು.
ಇವರು ಓದದೆ ಒತ್ತುತ್ತಾರೆ.

ಹೋದ ತಿಂಗಳು ಕಡಲ ತಳದ ತಂತಿ ತುಂಡಾಯಿತು,
ಯಾವುದೋ ಹಡಗಿನ ಲಂಗರಂತೆ.
ಅಂಕಿ ನಿಂತಲ್ಲೇ ನಿಂತಿತು. ಹಳೆಯ ಫೋನು ಬಡಿದುಕೊಂಡಿತು:
"ಮ್ಘೋಯಿ, ನಾನೂರ ಹದಿನೇಳು ಹೇಗಿದೆ?"
ಕರಾಚಿ! ಹೆಸರು ಗೊತ್ತಿತ್ತು ಇವನಿಗೆ.
ಆಮೇಲೆ ಕೈರೋ. ಆಮೇಲೆ, ದನಿ ತಗ್ಗಿಸಿ, ಲಿಮೋ.

ಮಾದರಿಯ ಪೊಟ್ಟಣ ಬಿಚ್ಚಿದೆ. ಕುದಿನೀರು, ಆರು ನಿಮಿಷ.
ಬಟ್ಟಲು ತೊಳೆಯುವ ನೆಪದಲ್ಲಿ
ಇಪ್ಪತ್ತೆರಡು ವರ್ಷ ತಳ ನೆಕ್ಕಿದ ನಾಲಿಗೆ ಇದು.
ಸೊರ್ರನೆ ಹೀರಿ ಸಿಂಕಿಗೆ ಉಗಿದೆ.
ಹೊಗೆಯ ವಾಸನೆ. ಒಣಗಿಸುವಾಗ ಯಾರೋ ತೂಕಡಿಸಿದ್ದಾರೆ.
"ಬೇಡ" ಅಂದೆ, ಮೂವರಿಗೂ.
ಆ ಶಬ್ದ ನನ್ನ ಬಾಯಲ್ಲಿ ಅಷ್ಟು ಗುಂಡಗಿರುತ್ತದೆಂದು
ಗೊತ್ತೇ ಇರಲಿಲ್ಲ.

ಬೇರೆ ದಾರಿ ಸುತ್ತಿ ನೆಟ್ಟು ಬಂತು.
ಲಿಮೋನ ಹೆಬ್ಬೆಟ್ಟು ಬಿತ್ತು, ನಾನೂರ ಹದಿನೇಳಕ್ಕೇ;
ಹಿಂದೆಯೇ ನಲವತ್ತು, ಕರಾಚಿಯದೂ ಸೇರಿ.
ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಬಾವಜೀರ್,
ಮೈಕಿನ ಮೇಲೆ ಕೆಂಪು ಗೀಟು.
ಭುಜ ಒಮ್ಮೆ ಅಲುಗಿತು.
ಇನ್ನೊಮ್ಮೆ.
ಬೆಲೆ ಏರುತ್ತಲೇ ಇತ್ತು.

ಮಗಳ ಚೀಲದಿಂದ ಸೀಮೆಸುಣ್ಣ ತೆಗೆದು
ಕಪಾಟಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದೆ,
ಆ ಎಲೆಯ ತಕ್ಕ ಬೆಲೆ.
ಬೆನ್ನ ಹಿಂದಿನ ಚಿತ್ರ ಅಳಿಸಿ
ಲ್ಯಾಪ್‌ಟಾಪನ್ನು ಅತ್ತ ತಿರುಗಿಸಿದೆ.
ಮುದುಕ ಕನ್ನಡಕಕ್ಕೆ ತಡಕಾಡುತ್ತಿದ್ದ.